ಡಾಕ್ಟರಿಕೆ ಒಂದೇ ದಾರಿಯಲ್ಲ

ಹನ್ನೆರಡನೆಯ ತರಗತಿಯ ಫಲಿತಾಂಶ ಬಂದ ಕೂಡಲೇ ನಮ್ಮ ಮನೆಗಳಲ್ಲಿ ಒಂದೇ ಮಾತು: “ಡಾಕ್ಟರ್ ಸೀಟು ಸಿಕ್ಕೀತೇ?” ನೀಟ್‌ನಲ್ಲಿ ಅಂಕ ಕಡಿಮೆಯಾದರೆ ಮಕ್ಕಳು ಮಂಕಾಗಿ ಕೂಡುತ್ತಾರೆ, ಪಾಲಕರು ಹೊಲ ಮಾರುವ ಮಾತಾಡುತ್ತಾರೆ. ದವಾಖಾನೆ ನಡೆಯುವುದು ಡಾಕ್ಟರರೊಬ್ಬರಿಂದಲೇ ಅಲ್ಲ ಎಂಬುದನ್ನು ನಾವು ಮರೆತೇಬಿಡುತ್ತೇವೆ.

ನರ್ಸಿಂಗ್ ನೋಡೋಣ. ವಿಜ್ಞಾನ ಓದಿದವರಿಗೆ ಬಿ.ಎಸ್ಸಿ. ನರ್ಸಿಂಗ್ 4 ವರ್ಷ. ಕಲೆ, ವಾಣಿಜ್ಯ ಓದಿದವರಿಗೂ ಜಿ.ಎನ್.ಎಂ. ಬಾಗಿಲು ತೆರೆದಿದೆ, ಅದು 3 ವರ್ಷದ ಡಿಪ್ಲೊಮಾ. ಅಂಗಡಿ ವ್ಯವಹಾರ ಬಲ್ಲ ಮನೆತನಗಳಿಗೆ ಡಿ.ಫಾರ್ಮಾ ಒಳ್ಳೆಯದು. 2 ವರ್ಷದ ಓದು, ಬಳಿಕ 500 ತಾಸಿನ ತರಬೇತಿ. ನೋಂದಾಯಿತ ಫಾರ್ಮಸಿಸ್ಟ್ ಇಲ್ಲದೆ ಔಷಧಿ ಅಂಗಡಿ ನಡೆಸುವಂತಿಲ್ಲ. ಲ್ಯಾಬ್, ಎಕ್ಸ್‌ರೇ, ಡಯಾಲಿಸಿಸ್, ಫಿಸಿಯೋಥೆರಪಿ ಕೆಲಸಗಳಿಗೂ ತರಬೇತಾದವರು ಬೇಕು. ಈ ವೃತ್ತಿಗಳಿಗಾಗಿಯೇ 2021ರಲ್ಲಿ ಕೇಂದ್ರದ ಕಾಯ್ದೆ ಬಂದಿದೆ.

ಒಂದು ಎಚ್ಚರಿಕೆ. ನಮಗೆ ಪರಿಚಯದ ಒಂದು ಕುಟುಂಬ ಆರು ತಿಂಗಳ ‘ನರ್ಸಿಂಗ್’ ಕೋರ್ಸಿಗೆ ಸಾಲ ಮಾಡಿ ಹಣ ಕಟ್ಟಿತು. ಆ ಪ್ರಮಾಣಪತ್ರದ ಮೇಲೆ ಮಗಳಿಗೆ ನರ್ಸ್ ಎಂದು ನೋಂದಣಿಯೇ ಸಿಗಲಿಲ್ಲ. ಫೀ ಕಟ್ಟುವ ಮೊದಲೇ ಕಾಲೇಜಿಗೆ ರಾಜ್ಯದ ಕೌನ್ಸಿಲಿನ ಮಾನ್ಯತೆ ಇದೆಯೇ ಎಂದು ವಿಚಾರಿಸಿರಿ. ಒಂದು ರಾಜ್ಯದಲ್ಲಿ ಕಲಿತು ಇನ್ನೊಂದರಲ್ಲಿ ದುಡಿಯುವವರು ಅಲ್ಲಿನ ನೋಂದಣಿಯ ನಿಯಮವನ್ನೂ ಕೇಳಿಕೊಳ್ಳಬೇಕು.

ಗಡಿಯಲ್ಲಿರುವ ನಮಗೆ ಇನ್ನೊಂದು ಅನುಕೂಲವಿದೆ. ಅಕ್ಕಲಕೋಟೆ, ಜತ್ತ, ದಕ್ಷಿಣ ಸೊಲ್ಲಾಪುರ, ಕಾಸರಗೋಡು ಮುಂತಾದ ತಾಲೂಕುಗಳ ಕನ್ನಡ ಮಕ್ಕಳು, ನಿಯಮಗಳಿಗೆ ಒಳಪಟ್ಟು, ‘ಗಡಿನಾಡು ಕನ್ನಡಿಗ’ರೆಂದು ಕರ್ನಾಟಕದ ಸಿ.ಇ.ಟಿ. ಸೀಟು ಕೇಳಬಹುದು. ಅದಕ್ಕೆ ಕನ್ನಡ ಭಾಷಾ ಪರೀಕ್ಷೆಯಲ್ಲಿ ಪಾಸಾಗಬೇಕು. ಮರಾಠಿ ಶಾಲೆಯಲ್ಲಿ ಓದುವ ಮಕ್ಕಳಿಗೆ ಮನೆಯಲ್ಲಿ ಕನ್ನಡ ಬರೆಯಲು ಕಲಿಸುವುದು ಹೀಗೂ ಫಲ ಕೊಡುತ್ತದೆ. ಆಯಾ ವರ್ಷದ ಮಾಹಿತಿ ಪುಸ್ತಿಕೆಯನ್ನು ತಪ್ಪದೆ ಓದಿರಿ.

“ರಾತ್ರಿ ಪಾಳಿ ಬಂದರೆ ನಮ್ಮ ಹುಡುಗಿಯ ಊಟದ ಗತಿಯೇನು?” ಎಂದು ತಾಯಂದಿರು ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ. ರಾತ್ರಿ ಪಾಳಿಯವರು ಹೊತ್ತು ಮುಳುಗುವ ಮೊದಲೇ ಉಂಡು ಹೊರಡಬಹುದು. ಕಷ್ಟವಿರುವುದು ಮಧ್ಯಾಹ್ನದ ಪಾಳಿಯಲ್ಲಿ. ಡಬ್ಬಿ ಒಯ್ದರೂ, ರೋಗಿಗೆ ಉಸಿರು ಕಟ್ಟಿದ ಹೊತ್ತಿನಲ್ಲಿ ಅದು ಮುಚ್ಚಿದಂತೆಯೇ ಉಳಿದೀತು. ಇದನ್ನು ಮುಚ್ಚಿಡದೆ ಮಗಳೊಡನೆ ಮೊದಲೇ ಮಾತಾಡಿರಿ, ತೀರ್ಮಾನ ಅವಳದಾಗಲಿ. ಔಷಧದಾನವನ್ನು ನಾಲ್ಕು ದಾನಗಳಲ್ಲಿ ಎಣಿಸಿದ ಸಮಾಜ ನಮ್ಮದು. ಔಷಧವನ್ನು ಕೈಯಾರೆ ಕೊಡುವ ಕೆಲಸವನ್ನು ನಾವು ಕೀಳೆಂದು ನೋಡಬಾರದು.

ಹಳ್ಳಿಯಿಂದ ಸೊಲ್ಲಾಪುರದ ದವಾಖಾನೆಗೆ ಬಂದ ಅಜ್ಜಿಗೆ ಮರಾಠಿ ಬಾರದು. “ಎಲ್ಲಿ ನೋಯ್ತದಬೇ ಆಯಿ?” ಎಂದು ಕನ್ನಡದಲ್ಲಿ ಕೇಳುವ ನರ್ಸ್ ಎದುರು ಬಂದರೆ ಅವಳ ಅರ್ಧ ಅಂಜಿಕೆ ಅಲ್ಲೇ ಇಳಿಯುತ್ತದೆ. ಆ ನರ್ಸ್ ನಮ್ಮ ಮನೆಯ ಮಗಳೇ ಏಕಾಗಬಾರದು?