ಸಾವು ತಾನಾಗಿ ಇಳಿಯಲಿಲ್ಲ: ಹಳ್ಳಿಯ ಆರೋಗ್ಯ ಹುದ್ದೆಗಳನ್ನು ಮೊದಲು ತುಂಬಿ

1921ರ ಜನಗಣತಿಯ ಲೆಕ್ಕ ಕೂಡಿಸಿದಾಗ ಭಾರತದ ಜನಸಂಖ್ಯೆ ಹತ್ತು ವರ್ಷದ ಹಿಂದಿದ್ದುದಕ್ಕಿಂತ ಕಡಿಮೆಯಾಗಿತ್ತು. ಅಂಥ ದಶಕ ಆಮೇಲೆ ಬಂದಿಲ್ಲ. 1918ರ ಇನ್‌ಫ್ಲುಯೆಂಜಾ ಒಂದೇ ಕೋಟಿಗೂ ಮಿಕ್ಕಿ ಜನರನ್ನು ಒಯ್ದಿತ್ತು. ಪ್ಲೇಗು, ಕಾಲರಾ, ಮಲೇರಿಯಾಗಳ ವಸೂಲಿ ವರ್ಷವರ್ಷವೂ ಇದ್ದೇ ಇತ್ತು. ಆಗ ವರ್ಷಕ್ಕೆ ಸಾವಿರ ಜನರಲ್ಲಿ ಸುಮಾರು 47 ಮಂದಿ ಸಾಯುತ್ತಿದ್ದರು. 1940ರ ದಶಕದಲ್ಲಿ ಅದು 27ರ ಹತ್ತಿರಕ್ಕೆ ಬಂತು, ಈಗ ಏಳರ ಆಸುಪಾಸಿನಲ್ಲಿದೆ. ಯುವಜನರೇ ಹೆಚ್ಚಿರುವ ದೇಶದಲ್ಲಿ ಈ ಅಂಕಿ ತುಸು ಚೆಂದವಾಗಿಯೇ ಕಾಣುತ್ತದೆ, ನಿಜ. ಆದರೆ ಶಿಶುಮರಣವೂ 1971ರಲ್ಲಿ ಸಾವಿರಕ್ಕೆ 129 ಇದ್ದದ್ದು 2020ರ ಹೊತ್ತಿಗೆ 28ಕ್ಕೆ ಇಳಿದಿದೆ.

ಇದರ ಕೀರ್ತಿಯನ್ನೆಲ್ಲ ದೊಡ್ಡಾಸ್ಪತ್ರೆಗಳ ಖಾತೆಗೆ ಬರೆಯುವುದು ರೂಢಿ. ನಡೆದದ್ದು ಬೇರೆ.

1971ರಲ್ಲಿ ಪೂರ್ವ ಬಂಗಾಳದ ನಿರಾಶ್ರಿತರು ತುಂಬಿದ್ದ ಪಶ್ಚಿಮ ಬಂಗಾಳದ ಬನಗಾಂವ್‌ನಲ್ಲಿ ಕಾಲರಾ ಹಬ್ಬಿತು. ರಕ್ತನಾಳಕ್ಕೆ ಏರಿಸುವ ಸಲೈನ್ ಮುಗಿಯುತ್ತ ಬಂದಿತ್ತು. ಡಾ. ದಿಲೀಪ್ ಮಹಲನಬಿಸ್ ಉಪ್ಪು, ಅಡುಗೆ ಸೋಡಾ, ಗ್ಲೂಕೋಸ್‌ಗಳನ್ನು ನೀರಿಗೆ ಬೆರೆಸಿ ಡ್ರಮ್ಮುಗಳಲ್ಲಿ ತುಂಬಿಸಿಟ್ಟರು. ರೋಗಿಗಳ ಮನೆಯವರೇ ಅದನ್ನು ಹಿಡಿದು ತಂದು ಕುಡಿಸಿದರು. ನೂರಕ್ಕೆ ಮೂವತ್ತರ ಮಟ್ಟದಲ್ಲಿದ್ದ ಸಾವು ನಾಲ್ಕಕ್ಕಿಂತ ಕೆಳಗಿಳಿಯಿತು. ಇಂದು ಪ್ರತಿ ಅಂಗನವಾಡಿಗೂ ಪರಿಚಿತವಾದ ಓಆರ್‌ಎಸ್ ಪೊಟ್ಟಣಕ್ಕೆ ಬಲ ಬಂದದ್ದು ಅಲ್ಲಿಂದ.

ಮಲೇರಿಯಾದ ಕಥೆ ಇನ್ನೂ ಕಟುವಾದದ್ದು. ಸ್ವಾತಂತ್ರ್ಯದ ಹೊತ್ತಿಗೆ ವರ್ಷಕ್ಕೆ ಅಂದಾಜು 7.5 ಕೋಟಿ ಜನರಿಗೆ ಅದು ತಗಲುತ್ತಿತ್ತು, 8 ಲಕ್ಷ ಜನ ಸಾಯುತ್ತಿದ್ದರು. 1953ರಲ್ಲಿ ರಾಷ್ಟ್ರೀಯ ಕಾರ್ಯಕ್ರಮ ಶುರುವಾಯಿತು. ಸಿಬ್ಬಂದಿ ಮನೆಮನೆಗೆ ಡಿಡಿಟಿ ಹೊಡೆದರು. ಜ್ವರ ಬಂದವರ ಬೆರಳು ಚುಚ್ಚಿ ರಕ್ತ ಪಡೆದು, ತಾವು ಬಂದುಹೋದ ದಿನಾಂಕವನ್ನು ಗೋಡೆಯ ಮೇಲೆ ಗುರುತು ಹಾಕಿದರು. 1960ರ ದಶಕದ ಆರಂಭಕ್ಕೆ ಪ್ರಕರಣಗಳು ಲಕ್ಷದೊಳಗೆ ಬಂದವು, ಸಾವು ಹೆಚ್ಚುಕಡಿಮೆ ನಿಂತೇಹೋಯಿತು. ಗೆದ್ದೆವೆಂದು ಸರ್ಕಾರಗಳು ಮೈಮರೆತವು. ಡಿಡಿಟಿ ಹೊತ್ತಿಗೆ ಬರಲಿಲ್ಲ, ಸೊಳ್ಳೆ ಅದಕ್ಕೆ ಒಗ್ಗಿಕೊಂಡಿತು, ಮನೆಭೇಟಿ ಸಡಿಲವಾಯಿತು. 1976ರಲ್ಲಿ ಪ್ರಕರಣಗಳು 64 ಲಕ್ಷ ದಾಟಿದವು!

ಹಾಗಾಗಿ ಆರೋಗ್ಯ ಬಜೆಟ್ಟಿನ ಮೊದಲ ಪಾಲು ಉಪಕೇಂದ್ರಗಳಿಗೆ, ಕ್ಷೇತ್ರ ಸಿಬ್ಬಂದಿಗೆ, ಕುಡಿಯುವ ನೀರಿಗೆ ಸಲ್ಲಬೇಕು. ಹೃದಯದ ಶಸ್ತ್ರಚಿಕಿತ್ಸೆಯೂ ಬೇಕು, ಬೇಡವೆಂದವರು ಯಾರು? ಆದರೆ ಹೊಸ ಆಸ್ಪತ್ರೆಯ ಶಂಕುಸ್ಥಾಪನೆಗೆ ಶಾಮಿಯಾನ ಏಳುವಾಗ ಪಕ್ಕದ ಹಳ್ಳಿಯಲ್ಲಿ ಆರೋಗ್ಯ ಸಹಾಯಕಿಯ ಹುದ್ದೆ ಖಾಲಿ ಬಿದ್ದಿರಬಾರದು. ಮುಂದಿನ ಗ್ರಾಮಸಭೆಯಲ್ಲಿ ಪ್ರತಿ ಊರಿನವರೂ ಮೂರು ಪ್ರಶ್ನೆ ಕೇಳಿ ಉತ್ತರವನ್ನು ನಡಾವಳಿಯಲ್ಲಿ ಬರೆಸಬೇಕು: ಉಪಕೇಂದ್ರದ ಹುದ್ದೆ ಎಷ್ಟು ತಿಂಗಳಿಂದ ಖಾಲಿ? ನೀರಿನ ಟ್ಯಾಂಕ್ ತೊಳೆದದ್ದು ಯಾವಾಗ? ಕಳೆದ ವರ್ಷ ಊರಲ್ಲಿ ಸತ್ತ ಮಕ್ಕಳು ಎಷ್ಟು, ಯಾವ ಕಾಯಿಲೆಗೆ?