ಕೈ ಹಿಡಿದೆಳೆದರೆ ಅದು ಪ್ರೀತಿಯೇ?

ಕೊರಿಯಾ ದೇಶದ ಧಾರಾವಾಹಿಗಳು ಈಗ ನಮ್ಮ ಹಳ್ಳಿ, ಪೇಟೆಗಳ ಮನೆಯೊಳಗೂ ಬಂದು ಕೂತಿವೆ. ಕಾಲೇಜಿಗೆ ಹೋಗುವ ಹೆಣ್ಣುಮಕ್ಕಳು ಮೊಬೈಲಿನಲ್ಲಿ ನೋಡುತ್ತಾರೆ. ಅವರ ಪಕ್ಕದಲ್ಲಿ ಕೂತು ಅಮ್ಮಂದಿರೂ ನೋಡುತ್ತಾರೆ. ಕೆಲವು ಹಿಂದಿ, ತಮಿಳು, ತೆಲುಗಿಗೆ ಡಬ್ ಆಗಿ ಬರುತ್ತವೆ, ಉಳಿದವುಗಳ ಅರ್ಥವನ್ನು ಮಕ್ಕಳು ಇಂಗ್ಲಿಷ್ ಅಡಿಬರಹ ಓದಿ ಹೇಳುತ್ತಾರೆ. ನಾನೂ ಹಲವು ವರ್ಷಗಳಿಂದ ಇವುಗಳ ಪ್ರೇಕ್ಷಕಿ. "ಅದೆಲ್ಲ ಹುಡುಗಾಟದ ಪ್ರೇಮಕತೆ, ಸಂಘದ ಹೆಂಗಸರಿಗೆ ಅದೇಕೆ?" ಎಂದು ತಳ್ಳಿಹಾಕುವವರಿದ್ದಾರೆ. ನನ್ನ ಅಭಿಪ್ರಾಯ ಬೇರೆ. ಪ್ರೀತಿ ಎಂದರೇನು, ಗಂಡು ಹೇಗೆ ನಡೆದುಕೊಂಡರೆ ಅದನ್ನು ಪ್ರೀತಿ ಎನ್ನಬೇಕು ಎಂಬುದನ್ನು ನಮ್ಮ ಹೆಣ್ಣುಮಕ್ಕಳು ಎಲ್ಲಿಂದ ಕಲಿಯುತ್ತಿದ್ದಾರೋ ಅದು ನಮ್ಮ ಚರ್ಚೆಗೆ ಬರಲೇಬೇಕು.

ಈ ಕತೆಗಳು ನಮ್ಮನ್ನು ಹಿಡಿದಿಡುವುದೇಕೆ? ನಾಯಕನ ಚೆಲುವಿಗೆ, ಸಿರಿತನಕ್ಕೆ ಎಂದು ಗಂಡಸರು ಗೇಲಿ ಮಾಡುತ್ತಾರೆ. ಊದುಬತ್ತಿ ಹೊಸೆದು ಮನೆ ನಡೆಸುವ ನಮ್ಮ ಸಂಘದ ಗೆಳತಿಯೊಬ್ಬರು ಹೇಳಿದ ಮಾತು ಹೆಚ್ಚು ನಿಜ. "ಅಕ್ಕಾ, ಮದುವೆಯಾಗಿ ಹದಿನೆಂಟು ವರ್ಷ ಆಯ್ತು. ನಮ್ಮೋರು ಒಂದು ದಿನ 'ನೀನು ಉಂಡ್ಯಾ' ಅಂತ ಕೇಳಿಲ್ಲ. ಇವ್ನು ದಿನಾ ಕೇಳ್ತಾನೆ ನೋಡಿ." ನಮ್ಮ ಹಾಗೆ ಕೊರಿಯಾದವರೂ ಎದುರು ಸಿಕ್ಕವರನ್ನು ಊಟವಾಯಿತೇ ಎಂದು ಕೇಳುತ್ತಾರೆ. ಧಾರಾವಾಹಿಯ ನಾಯಕ ಅದನ್ನು ಕೇಳುತ್ತಾನೆ, ಉತ್ತರಕ್ಕಾಗಿ ಕಾಯುತ್ತಾನೆ, ಹಸಿದಿದ್ದರೆ ಬಡಿಸುತ್ತಾನೆ. 2019-20ರಲ್ಲಿ ಬಂದ 'ಕ್ರ್ಯಾಶ್ ಲ್ಯಾಂಡಿಂಗ್ ಆನ್ ಯು' ಕತೆಯಲ್ಲಿ ಉತ್ತರ ಕೊರಿಯಾದ ಸೇನಾಧಿಕಾರಿ, ಗಡಿ ದಾಟಿ ಬಂದು ಬಿದ್ದ ದಕ್ಷಿಣದ ಹೆಂಗಸಿಗಾಗಿ ತನ್ನ ಕೈಯಾರೆ ಅಡುಗೆ ಮಾಡುತ್ತಾನೆ, ಕಾಫಿ ಮಾಡಿಕೊಡುತ್ತಾನೆ. ಅದನ್ನು ನೋಡಿ ನಮ್ಮ ಕಣ್ಣು ತುಂಬುವುದಾದರೆ, ನಾವು ಹಸಿದಿರುವುದು ಬಂಗಲೆಗಲ್ಲ, ಗಮನಕ್ಕೆ. ಇಂಥ ಕನಸು ಕಾಣುವ ಹೆಂಗಸನ್ನು ನಾನು ಎಂದೂ ಹಳಿಯಲಾರೆ.

ಪಾತ್ರಗಳ ರಚನೆಯಲ್ಲೂ ಒಂದು ಅನುಕೂಲವಿದೆ. ನಮ್ಮ ಧಾರಾವಾಹಿಗಳು ವರ್ಷಗಟ್ಟಲೆ ಎಳೆಯುತ್ತವೆ. ಕತೆ ಮುಗಿಯಬಾರದು ಎಂದಾದ ಮೇಲೆ ಪಾತ್ರ ಬದಲಾಗುವಂತಿಲ್ಲ, ಕೆಟ್ಟ ಅತ್ತೆ ಸಾವಿರ ಕಂತಿನವರೆಗೂ ಕೆಟ್ಟವಳಾಗಿಯೇ ಇರಬೇಕು. ಕೊರಿಯಾದ ಕತೆಗಳು ಹೆಚ್ಚಾಗಿ 16ರಿಂದ 20 ಕಂತಿಗೆ ಮುಗಿಯುತ್ತವೆ. ಮೊದಲಿಂದ ಕೊನೆಯವರೆಗೆ ಒಬ್ಬರೇ ಬರೆಯುವುದು ಅಲ್ಲಿನ ರೂಢಿ. ಹೀಗಾಗಿ ಮೊದಲ ಕಂತಿನಲ್ಲಿ ತಲೆ ತಗ್ಗಿಸಿ ನಿಂತವಳು ಕೊನೆಯ ಕಂತಿನಲ್ಲಿ ತಲೆ ಎತ್ತುವುದಕ್ಕೆ ದಾರಿ ಇರುತ್ತದೆ. ಹೆಸರಾಂತ ಲೇಖಕರಲ್ಲಿ ಕಿಮ್ ಉನ್-ಸುಕ್, ಪಾರ್ಕ್ ಜಿ-ಉನ್, ನೋ ಹೀ-ಕ್ಯುಂಗ್ ಮೊದಲಾಗಿ ಅನೇಕರು ಹೆಂಗಸರು.

ಆದರೆ ಹೆಂಗಸು ಬರೆದಳು ಎಂದ ಮಾತ್ರಕ್ಕೆ ಎಲ್ಲವೂ ಹೆಂಗಸಿನ ಪರವಾಗುವುದಿಲ್ಲ. 2009ರ 'ಬಾಯ್ಸ್ ಓವರ್ ಫ್ಲವರ್ಸ್' ನೋಡಿ. ಜಪಾನಿನ ಚಿತ್ರಕತೆಯೊಂದನ್ನು ಆಧರಿಸಿದ ಈ ಧಾರಾವಾಹಿ ಏಷ್ಯಾದ ಉದ್ದಗಲಕ್ಕೂ ಹೆಸರು ಮಾಡಿತು. ನಾಯಕಿ ಜಾನ್-ದಿ ಬಟ್ಟೆ ಒಗೆಯುವ ಅಂಗಡಿಯವರ ಮಗಳು. ನಾಯಕ ಜುನ್-ಪ್ಯೋ ದೊಡ್ಡ ಉದ್ಯಮದ ವಾರಸುದಾರ. ಶಾಲೆಯಲ್ಲಿ ಅವನು ಯಾರಿಗೆ ಕೆಂಪು ಚೀಟಿ ಕಳಿಸುತ್ತಾನೋ ಅವರನ್ನು ಇಡೀ ಶಾಲೆ ಸೇರಿ ಹಿಂಸಿಸುತ್ತದೆ. ಜಾನ್-ದಿಗೂ ಆ ಚೀಟಿ ಬರುತ್ತದೆ. ಮುಂದೆ ಅವನಿಗೆ ಅವಳ ಮೇಲೆ ಮನಸ್ಸಾದಾಗ ಅವಳನ್ನು ಹೊತ್ತು ತರಿಸಿ, ಬಟ್ಟೆಬರೆ ತೊಡಿಸಿ ಸಿಂಗರಿಸಲಾಗುತ್ತದೆ. ಹಿಂಸಿಸಿದವನೇ ಪ್ರಿಯಕರನಾಗುತ್ತಾನೆ. 'ಒಳಗೆ ಒಳ್ಳೆಯವನು, ಪ್ರೀತಿಯಿಂದ ತಿದ್ದಬಹುದು' ಎಂಬುದೇ ಕತೆಯ ಸಾರ.

ಈ ಮಾತನ್ನು ನಾವು ಎಲ್ಲಿಯೋ ಕೇಳಿದ್ದೇವಲ್ಲವೇ? ಕುಡಿದು ಹೊಡೆಯುವವನ ಮನೆಗೆ ಮಗಳನ್ನು ಮತ್ತೆ ಕಳಿಸುವಾಗ ಹಿರಿಯರು ಹೇಳುವ ಮಾತು ಇದೇ. "ಅವನ ಮನಸ್ಸು ಒಳ್ಳೇದು, ನೀನೇ ಸ್ವಲ್ಪ ಹೊಂದಿಕೊಂಡು ಹೋಗು." ತಿದ್ದುವ ಕೆಲಸ ಹೆಣ್ಣಿನದು, ತಿದ್ದುವವರೆಗೆ ಪೆಟ್ಟು ತಿನ್ನುವುದೂ ಅವಳ ಪಾಲು.

ಆ ಕಾಲದ ಧಾರಾವಾಹಿಗಳಲ್ಲಿ ಮೇಲಿಂದ ಮೇಲೆ ಬರುವ ದೃಶ್ಯ ಒಂದಿದೆ. ಮಾತು ಮುಗಿಸಿ ಹೊರಟ ಹೆಣ್ಣಿನ ಮಣಿಕಟ್ಟನ್ನು ಗಂಡು ಹಿಡಿದು ತನ್ನ ಕಡೆ ಎಳೆಯುತ್ತಾನೆ, ಹಿನ್ನೆಲೆಯಲ್ಲಿ ಇಂಪಾದ ಸಂಗೀತ ಶುರುವಾಗುತ್ತದೆ. ಆ ಸಂಗೀತವನ್ನು ತೆಗೆದು ನೋಡಿ, ಏನು ಉಳಿಯುತ್ತದೆ? ಹೋಗುತ್ತೇನೆ ಎಂದವಳನ್ನು ಹೋಗಗೊಡದ ಒಬ್ಬ ಗಂಡಸು. 2010ರಲ್ಲಿ ಶುರುವಾದ ಕಿಮ್ ಉನ್-ಸುಕ್ ಅವರ 'ಸೀಕ್ರೆಟ್ ಗಾರ್ಡನ್' ನಾಯಕಿ ಗಿಲ್ ರಾ-ಇಮ್ ಸಿನಿಮಾಗಳಲ್ಲಿ ಸಾಹಸ ದೃಶ್ಯಗಳನ್ನು ಮಾಡಿ ದುಡಿಯುವವಳು, ಗಟ್ಟಿಗಿತ್ತಿ. ಅಂಥವಳಿಗೂ ನಾಯಕ ಅವಳ ಒಪ್ಪಿಗೆಯಿಲ್ಲದೆ ಮುತ್ತಿಡುತ್ತಾನೆ, ಅದನ್ನು ಪ್ರೇಮದೃಶ್ಯವೆಂದೇ ತೋರಿಸಲಾಯಿತು. ಬೇಡ ಎಂಬುದು ನಾಚಿಕೆಯ ಮಾತು, ಬಲವಂತ ಮಾಡಿದರೆ ಹೌದಾಗುತ್ತದೆ ಎಂದು ಹುಡುಗರು ಕಲಿಯುವುದು ಇಂಥ ಕಡೆಯೇ. ನಮ್ಮ ಸಿನಿಮಾಗಳೂ ಇದನ್ನು ಬಹಳ ಕಾಲದಿಂದ ಕಲಿಸುತ್ತಾ ಬಂದಿವೆ.

ಹಣದ ವಿಷಯಕ್ಕೆ ಬರೋಣ. ಸಿರಿವಂತ ಹುಡುಗನ ತಾಯಿ ಬಡ ಹುಡುಗಿಯನ್ನು ಕಾಫಿ ಅಂಗಡಿಗೆ ಕರೆಸಿ, ದುಡ್ಡಿನ ಲಕೋಟೆಯನ್ನು ಮೇಜಿನ ಮೇಲೆ ಇಟ್ಟು, 'ನನ್ನ ಮಗನನ್ನು ಬಿಟ್ಟುಬಿಡು' ಎನ್ನುವ ದೃಶ್ಯ ಈ ಧಾರಾವಾಹಿಗಳಲ್ಲಿ ಸವಕಲಾಗುವಷ್ಟು ಬಂದಿದೆ. ಅದನ್ನು ಕಂಡು ನಗುವ ಮೊದಲು ಯೋಚಿಸಬೇಕು. ನಮ್ಮಲ್ಲಿ ಹೆಣ್ಣಿನ ಕಡೆಯವರು ದುಡ್ಡು ಎಣಿಸಿದರೆ ಮದುವೆ, ಅಲ್ಲಿ ಗಂಡಿನ ತಾಯಿ ದುಡ್ಡು ಎಣಿಸಿದರೆ ಹುಡುಗಿ ಬಿಟ್ಟುಹೋಗಬೇಕು. ಎರಡರಲ್ಲೂ ಹುಡುಗಿಗೆ ಬೆಲೆ ಕಟ್ಟುತ್ತಿರುವವರು ಬೇರೆಯವರು. ಕೊರಿಯಾದಲ್ಲೂ ಮದುವೆಯ ಲೆಕ್ಕಾಚಾರ ಇಲ್ಲದಿಲ್ಲ. ಗಂಡಿನ ಕಡೆಯವರು ವಾಸಕ್ಕೆ ಮನೆ, ಹೆಣ್ಣಿನ ಕಡೆಯವರು ಮನೆಯೊಳಗಿನ ಸಾಮಾನು ಎಂಬ ರೂಢಿ ಅಲ್ಲಿತ್ತು. ಬೀಗರ ಮನೆಗೆ ಹೆಣ್ಣಿನವರು ಕಳಿಸುವ 'ಯೆದಾನ್' ಎಂಬ ಉಡುಗೊರೆಯ ಸಲುವಾಗಿ ಮನಸ್ತಾಪಗಳಾಗುವುದನ್ನೂ ಧಾರಾವಾಹಿಗಳು ತೋರಿಸಿವೆ.

ಅತ್ತೆಯ ಅಧಿಕಾರಕ್ಕೆ ಕಾನೂನಿನ ಬೇರೂ ಇತ್ತು. ಮನೆಯ ಯಜಮಾನನೆಂದು ಗಂಡಸನ್ನೇ ದಾಖಲಿಸಿ, ಹೆಂಡತಿ ಮಕ್ಕಳನ್ನು ಅವನ ಅಧೀನರೆಂದು ಬರೆಯುತ್ತಿದ್ದ 'ಹೋಜು' ಪದ್ಧತಿ ಅಲ್ಲಿ ಕೊನೆಗೊಂಡದ್ದು 2008ರ ಜನವರಿ 1ರಂದು. ಮಹಿಳಾ ಸಂಘಟನೆಗಳು ದಶಕಗಳ ಕಾಲ ಹೋರಾಡಿದ ಮೇಲೆ, 2005ರಲ್ಲಿ ಅಲ್ಲಿನ ಸಂವಿಧಾನ ನ್ಯಾಯಾಲಯ ಅದರ ವಿರುದ್ಧ ತೀರ್ಪು ಕೊಟ್ಟಿತು. ಆದರೆ ಕಾಗದದಲ್ಲಿ ಹೋದ ಯಜಮಾನಿಕೆ ಮನೆಯಿಂದ ಅಷ್ಟು ಬೇಗ ಹೋಗುತ್ತದೆಯೇ? 2018ರಲ್ಲಿ ಸೋ ಜಿ-ಹ್ಯುನ್ ಎಂಬ ಸರ್ಕಾರಿ ವಕೀಲೆ ತನ್ನ ಮೇಲಧಿಕಾರಿಯ ದೌರ್ಜನ್ಯವನ್ನು ದೂರದರ್ಶನದಲ್ಲಿ ಬಯಲಿಗೆಳೆದಾಗ ದೇಶದ ತುಂಬ ಹೆಂಗಸರು ಬಾಯಿಬಿಟ್ಟರು. ಹೆಣ್ಣಿನ ಬೆನ್ನುಹತ್ತಿ ಕಾಡುವುದನ್ನು ಸಣ್ಣ ದಂಡಕ್ಕೆ ಮುಗಿಸುತ್ತಿದ್ದ ಆ ದೇಶದಲ್ಲಿ 2021ರ ಅಕ್ಟೋಬರಿನಲ್ಲಿ ಪ್ರತ್ಯೇಕ ಕಾನೂನು ಜಾರಿಗೆ ಬಂತು. (ನಮ್ಮಲ್ಲಿ ಇದು 2013ರಿಂದಲೇ ಅಪರಾಧ.) ಬೀದಿಯಲ್ಲಿ ಈ ಮಾತು ಶುರುವಾದಾಗ ಕತೆ ಬರೆಯುವವರಿಗೂ ಅದು ಕೇಳಿಸಿತು ಎಂದು ನನಗನ್ನಿಸುತ್ತದೆ.

ಈ ಬದಲಾವಣೆಗೆ ನಾನು ಮೂರು ಪಾತ್ರಗಳನ್ನು ಮುಂದಿಡುತ್ತೇನೆ.

ಮೊದಲನೆಯವಳು 2017ರ 'ಬಿಕಾಸ್ ದಿಸ್ ಈಸ್ ಮೈ ಫಸ್ಟ್ ಲೈಫ್'ನ ಜಿ-ಹೋ. ಅವಳಿಗೆ ಇರಲು ಕೋಣೆ ಬೇಕು, ಸೆ-ಹೀ ಎಂಬವನಿಗೆ ಮನೆಸಾಲ ತೀರಿಸಲು ಬಾಡಿಗೆ ಬೇಕು. ಇಬ್ಬರೂ ಒಪ್ಪಂದದ ಮದುವೆಯಾಗುತ್ತಾರೆ. ಅತ್ತೆಮನೆಯಲ್ಲಿ ಹಿರಿಯರ ಎಡೆಯ ದಿನ ಜಿ-ಹೋ ಹೋಗಿ ಬೆವರಿಳಿಸಿ ದುಡಿಯುತ್ತಾಳೆ. ಸೊಸೆಯಲ್ಲವೇ, ದುಡಿಯಲಿ ಎಂದು ಕತೆ ಅಲ್ಲಿಗೇ ಬಿಡುವುದಿಲ್ಲ. ಅಳಿಯನಾದವನು ಅವಳ ತವರಿಗೆ ಹೋಗಿ, ವರ್ಷದ ಕಿಮ್ಚಿ ಉಪ್ಪಿನಕಾಯಿ ಹಾಕುವ ದಿನ ಸೊಂಟ ಮುರಿಯುವಂತೆ ದುಡಿದು ಬರುತ್ತಾನೆ. ಸೊಸೆಯ ದುಡಿಮೆಗೂ ಲೆಕ್ಕವಿದೆ, ಅದನ್ನು ಗಂಡಸು ತೀರಿಸಬೇಕಾಗುತ್ತದೆ ಎಂಬ ಮಾತನ್ನು ನಾನು ಬೇರೆ ಯಾವ ಧಾರಾವಾಹಿಯಲ್ಲೂ ಇಷ್ಟು ಸರಳವಾಗಿ ಕಂಡಿಲ್ಲ.

ಎರಡನೆಯವಳು 2019ರ 'ವೆನ್ ದ ಕಮೀಲಿಯಾ ಬ್ಲೂಮ್ಸ್'ನ ದೋಂಗ್-ಬೆಕ್. ಗಂಡನಿಲ್ಲದೆ ಮಗನನ್ನು ಸಾಕುತ್ತಾ, ಸಣ್ಣ ಊರಿನಲ್ಲಿ ಹೆಂಡದಂಗಡಿ ನಡೆಸುವವಳು. ಊರ ಹೆಂಗಸರ ಬಾಯಿಗೆ ಬಿದ್ದವಳು. ಕಟ್ಟಡದ ಮಾಲೀಕ ಅಂಗಡಿಗೆ ಬಂದು ಅಸಭ್ಯವಾಗಿ ನಡೆದುಕೊಂಡಾಗಲೆಲ್ಲ ಆಕೆ ಕೂಗಾಡುವುದಿಲ್ಲ, ಅಳುವುದೂ ಇಲ್ಲ. ನೋಟುಪುಸ್ತಕದಲ್ಲಿ ಬರೆದಿಡುತ್ತಾಳೆ. ಸಮಯ ಬಂದಾಗ ಅದನ್ನೇ ಹಿಡಿದು ದೂರು ಕೊಡುತ್ತಾಳೆ. ಸಂಘದ ಲೆಕ್ಕಪುಸ್ತಕ ಬರೆಯುವ ನಮಗೆ ಬರಹದ ಶಕ್ತಿ ಗೊತ್ತಿಲ್ಲವೇ? ಅವಳನ್ನು ಮೆಚ್ಚಿದ ಪೊಲೀಸಿನವನು ಯೋಂಗ್-ಶಿಕ್, ನೀನು ದೊಡ್ಡವಳು, ಗಟ್ಟಿಗಿತ್ತಿ ಎಂದು ಎಲ್ಲರೆದುರು ಹೇಳುತ್ತಾ ಹೋಗುತ್ತಾನೆ. ಕತೆಯ ಉದ್ದಕ್ಕೂ ಅವನು ಮಾಡುವ ದೊಡ್ಡ ಕೆಲಸ ಅದೇ. ಹಾಗೆ ಹೇಳಿಸಿಕೊಂಡವಳು ಕೊನೆಗೆ ಕೊಲೆಗಡುಕನ ಎದುರು ತಾನೇ ನಿಲ್ಲುತ್ತಾಳೆ. ಆಡಿಕೊಂಡಿದ್ದ ಅದೇ ಊರ ಹೆಂಗಸರು ಅವಳ ಸುತ್ತ ಕಾವಲು ನಿಲ್ಲುತ್ತಾರೆ. ಈ ಕತೆ ಮುಂದಿನ ವರ್ಷ ಅಲ್ಲಿನ ಬೆಕ್‌ಸಾಂಗ್ ಪ್ರಶಸ್ತಿಗಳಲ್ಲಿ ದೂರದರ್ಶನದ ಅತ್ಯುನ್ನತ ಗೌರವ ಪಡೆಯಿತು. ಇದನ್ನು ಬರೆದ ಲಿಮ್ ಸಾಂಗ್-ಚುನ್ ಅವರದೇ 2025ರ 'ವೆನ್ ಲೈಫ್ ಗಿವ್ಸ್ ಯು ಟ್ಯಾಂಜರೀನ್ಸ್'. ಜೇಜು ದ್ವೀಪದ ಆ ಮನೆಯಲ್ಲಿ ಗಂಡಸರಿಗೆ ಒಂದು ಊಟದ ಮಣೆ, ಹೆಂಗಸರಿಗೆ ಇನ್ನೊಂದು. ಗ್ವಾನ್-ಶಿಕ್ ಒಂದು ದಿನ ಗಂಡಸರ ಮಣೆಗೆ ಬೆನ್ನು ಮಾಡಿ, ಹೆಂಡತಿ ಮಗಳ ಕಡೆ ತಿರುಗಿ ಕೂತು ಉಣ್ಣುತ್ತಾನೆ. ಒಂದು ಮಾತಿಲ್ಲ, ಭಾಷಣವಿಲ್ಲ. ಎಲ್ಲರೂ ಉಂಡ ಮೇಲೆ ಉಳಿದುದನ್ನು ಬಳಿದು ಉಣ್ಣುವ ನಮ್ಮ ಹೆಂಗಸರಿಗೆ ಆ ದೃಶ್ಯವನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

ಮೂರನೆಯವಳು ಕಾಂಗ್ ಹ್ಯುನ್-ನಾಮ್. 2022ರ ಡಿಸೆಂಬರಿನಲ್ಲಿ ಮೊದಲ ಭಾಗ, 2023ರ ಮಾರ್ಚಿನಲ್ಲಿ ಎರಡನೆಯ ಭಾಗ ಬಂದ 'ದಿ ಗ್ಲೋರಿ'ಯನ್ನು ಬರೆದವರು ಅದೇ ಕಿಮ್ ಉನ್-ಸುಕ್. ಕತೆಯ ನಾಯಕಿ ಶಾಲೆಯಲ್ಲಿ ಸಿರಿವಂತ ಮಕ್ಕಳಿಂದ ಹಿಂಸೆಗೊಳಗಾದ ದೋಂಗ್-ಉನ್. ಹಿಂಸಿಸಿದವನೇ ಪ್ರಿಯಕರನಾಗುವ ಹಳೆಯ ಕತೆಗೆ ಇದು ನೇರ ಉತ್ತರ. ಆದರೆ ನನ್ನ ಮನಸ್ಸಿನಲ್ಲಿ ಉಳಿದವಳು ಹ್ಯುನ್-ನಾಮ್, ಮನೆಗೆಲಸ ಮಾಡುವವಳು, ಗಂಡನ ಹೊಡೆತದಲ್ಲಿ ಬದುಕುವವಳು. ಹೊಡೆತ ತಿಂದರೂ ಅವಳು ತಮಾಷೆ ಮಾಡುತ್ತಾಳೆ, ನಗುತ್ತಾಳೆ. ದೋಂಗ್-ಉನ್‌ಗೇ ಅದು ಆಶ್ಚರ್ಯ. ನಮಗೂ ಹಾಗೆಯೇ ಅಲ್ಲವೇ? ಹೊಡೆಸಿಕೊಂಡವಳು ಸದಾ ಅಳುತ್ತಿರಬೇಕು, ನಕ್ಕರೆ ಅವಳ ದೂರು ಸುಳ್ಳು ಎಂದು ಠಾಣೆಯಲ್ಲೂ ಪಂಚಾಯಿತಿಯಲ್ಲೂ ಅಳೆಯುತ್ತಾರೆ. ನಗು ಅವಳಲ್ಲಿ ಉಳಿದ ಜೀವದ ಗುರುತು ಎಂದು ಈ ಪಾತ್ರ ತೋರಿಸುತ್ತದೆ. ಅವಳು ಮನೆ ಬಿಡದೆ ಇರುವುದು ಹೇಡಿತನದಿಂದಲ್ಲ, ಮಗಳ ಲೆಕ್ಕ ಹಾಕಿ.

ಆದರೆ ನನ್ನ ತಕರಾರೂ ಇಲ್ಲಿಯೇ ಇದೆ. ಹ್ಯುನ್-ನಾಮ್ ಕೇಳುವುದು ಗಂಡನ ಸಾವನ್ನು. ಕತೆ ಅದನ್ನು ಕೊಡುತ್ತದೆ, ನಾವು ಚಪ್ಪಾಳೆ ತಟ್ಟುತ್ತೇವೆ. ಅವಳು ಹೋಗಿ ಕುಳಿತು ಮಾತಾಡಬಹುದಾದ ಹತ್ತು ಹೆಂಗಸರ ಗುಂಪೊಂದು ಆ ಕತೆಯಲ್ಲಿ ಇಲ್ಲ. ಕೌಟುಂಬಿಕ ಹಿಂಸೆಗೆ ಶಿಕ್ಷೆ ಕೊಡುವ ಕಾನೂನು ಕೊರಿಯಾದಲ್ಲಿ 1997ರಲ್ಲೇ ಆಗಿದೆ, ನಮ್ಮಲ್ಲಿ ರಕ್ಷಣೆಯ ಕಾನೂನು 2005ರಲ್ಲಿ ಆಯಿತು. ಕಾನೂನಿದ್ದೂ ಅದು ಅವಳ ಬಾಗಿಲಿಗೆ ಏಕೆ ಬರಲಿಲ್ಲ ಎಂದು ಕತೆ ಕೇಳಿದ್ದರೆ ಅದು ಇನ್ನೂ ದೊಡ್ಡದಾಗುತ್ತಿತ್ತು. ಸೇಡು ನೋಡಲು ಚೆನ್ನ. ಬದುಕಿನಲ್ಲಿ ಸೇಡು ತೀರಿಸಿಕೊಂಡ ಹೆಂಗಸು ಜೈಲಿಗೆ ಹೋಗುತ್ತಾಳೆ, ಮಕ್ಕಳು ಬೀದಿಗೆ ಬರುತ್ತಾರೆ.

ಹಾಗಾದರೆ ನೋಡುವುದೇ ಬೇಡವೇ? ನೋಡೋಣ, ಮಗಳ ಜೊತೆ ಕೂತು ಮಾತಾಡುತ್ತಾ ನೋಡೋಣ. ಅವಳಿಗೆ ಉಪದೇಶ ಬೇಡ, ಮೂರು ಪ್ರಶ್ನೆ ಸಾಕು. ಅವಳು ಬೇಡ ಎಂದಾಗ ಅವನು ನಿಲ್ಲುತ್ತಾನೆಯೇ? ಪ್ರೀತಿಯಾದ ಮೇಲೆ ಅವಳ ಕೆಲಸ, ಸಂಪಾದನೆ, ಗೆಳತಿಯರು ಉಳಿದರೇ? ಅವನು ಅವಳ ಮೇಲಿಟ್ಟಿರುವುದು ಗಮನವೋ, ಕಾವಲೋ? ಊಟವಾಯಿತೇ ಎಂದು ಕೇಳುವುದು ಗಮನ. ಎಲ್ಲಿದ್ದೀಯ, ಯಾರ ಜೊತೆ ಇದ್ದೀಯ, ಫೋನು ತೋರಿಸು ಎನ್ನುವುದು ಕಾವಲು. ಹದಿನಾರರ ಹುಡುಗಿಗೆ ಇವೆರಡೂ ಒಂದೇ ಥರ ಕಾಣಬಹುದು. ವ್ಯತ್ಯಾಸವನ್ನು ಪರದೆಯ ಮೇಲಿನ ಪರಕೀಯನ ವಿಷಯದಲ್ಲಿ ಗುರುತಿಸುವುದು ಸುಲಭ, ಆ ಅಭ್ಯಾಸ ಮುಂದೆ ಹತ್ತಿರದವನನ್ನು ಅಳೆಯಲು ಒದಗುತ್ತದೆ.

ಮುಂದಿನ ಸಂಘದ ಸಭೆಯಲ್ಲಿ ಉಳಿತಾಯ, ಸಾಲದ ಲೆಕ್ಕ ಮುಗಿದ ಮೇಲೆ ಅರ್ಧ ಗಂಟೆ ಇದಕ್ಕೆ ಇಡಿ. ಯಾರು ಯಾವ ಧಾರಾವಾಹಿ ನೋಡುತ್ತಾರೆ, ಅದರಲ್ಲಿ ಯಾವ ಗಂಡು ಇಷ್ಟ, ಏಕೆ ಇಷ್ಟ ಎಂದು ಕೇಳಿ. ನಗು ಬರುತ್ತದೆ, ನಾಚಿಕೆಯೂ ಬರುತ್ತದೆ, ಬರಲಿ. ಅದರ ನಡುವೆ ಯಾರಾದರೂ ಒಬ್ಬರು ಮೆಲ್ಲಗೆ "ನಮ್ಮನೇಲಿ ಹಾಗಿಲ್ಲ" ಎಂದರೆ, ಧಾರಾವಾಹಿಯನ್ನು ಅಲ್ಲಿಗೇ ಬಿಟ್ಟು ಅವರ ಮಾತನ್ನು ಪೂರ್ತಿ ಕೇಳಿ. ಅವಸರವಿದ್ದರೆ 181ಕ್ಕೆ ಕರೆ ಮಾಡಿ, 2005ರ ಕಾನೂನಿನಡಿಯ ಸಂರಕ್ಷಣಾಧಿಕಾರಿಯ ಬಳಿಗೆ ಅವರ ಜೊತೆ ಇಬ್ಬರಾದರೂ ಹೋಗಿ.