ಬಾಲ್ಕನಿಯ ಟೊಮೆಟೊ, ಮಂಡಿಯ ಟೊಮೆಟೊ

ಟೊಮೆಟೊ ಕೆಜಿಗೆ ನೂರು ರೂಪಾಯಿ ದಾಟಿದ ದಿನ ಅಪಾರ್ಟ್‌ಮೆಂಟಿನ ವಾಟ್ಸಾಪ್ ಗ್ರೂಪುಗಳಲ್ಲಿ ಕೃಷಿಕ್ರಾಂತಿ ಶುರುವಾಗುತ್ತೆ. ಬಾಲ್ಕನೀಲಿ ನಾಲ್ಕು ತೂಗುಕುಂಡ ನೇತು ಹಾಕಿ, ಮಾರ್ಕೆಟ್ಟಿನ ಹಂಗೇ ಬೇಡ ಅಂತ. 2023ರ ಜುಲೈನಲ್ಲಿ ಉತ್ತರ ಪ್ರದೇಶದ ಸಚಿವೆ ಪ್ರತಿಭಾ ಶುಕ್ಲಾ ಹೇಳಿದ್ದೂ ಹೆಚ್ಚುಕಮ್ಮಿ ಇದನ್ನೇ: ಮನೇಲಿ ಬೆಳ್ಕೊಳ್ಳಿ, ಇಲ್ಲಾಂದ್ರೆ ತಿನ್ನೋದು ಬಿಡಿ.

ಕುಂಡ ನೇತು ಹಾಕೋಕೆ ನನ್ನ ತಕರಾರಿಲ್ಲ. ಚೆರ್ರಿ ಟೊಮೆಟೊ ಹಾಕಿ, ಚೆನ್ನಾಗಿ ಬಿಸಿಲು ಬೀಳೋ ಜಾಗ ನೋಡಿ. ತೂಗುಕುಂಡದ ಮಣ್ಣು ಗಾಳಿಗೆ ಬೇಗ ಒಣಗುತ್ತೆ, ನೀರು ತಪ್ಪಿಸಬೇಡಿ. ಒಂದಿನ ಹೆಚ್ಚು ಒಂದಿನ ಕಮ್ಮಿ ಆದ್ರೆ ಗಿಡಕ್ಕೆ ಕ್ಯಾಲ್ಸಿಯಂ ಸರಿಯಾಗಿ ಸಿಗದೆ ಕಾಯಿಯ ತಳ ಕಪ್ಪಾಗಿ ಕೊಳೆಯುತ್ತೆ. ತಕರಾರಿರೋದು ಇದನ್ನೇ ಬೆಲೆ ಏರಿಕೆಗೆ ಉತ್ತರ ಅನ್ನೋದಕ್ಕೆ.

ಲೆಕ್ಕ ಹಾಕಿ. ಬೀಜ ಹಾಕಿ ಹಣ್ಣು ಕೀಳೋಕೆ ಸುಮಾರು ಮೂರು ತಿಂಗಳು. ಅಷ್ಟರಲ್ಲಿ ರೇಟು ಬಿದ್ದಿರುತ್ತೆ. ಯಾಕಂದ್ರೆ ಅದೇ ರೇಟು ನೋಡಿ ಶಿಡ್ಲಘಟ್ಟ ತಾಲ್ಲೂಕಿನ ನಮ್ಮ ಸಾದಲಿಯಲ್ಲೂ, ಚಿಂತಾಮಣಿ, ಶ್ರೀನಿವಾಸಪುರದ ಕಡೆಯೂ ರೈತರು ನಾಟಿ ಮಾಡಿರ್ತಾರೆ. ಎಲ್ಲರ ಬೆಳೆ ಒಟ್ಟಿಗೇ ಮಂಡಿಗೆ ಬರುತ್ತೆ. 2023ರ ಮೇನಲ್ಲಿ ರೇಟು ಸಿಗದೆ ನಾಸಿಕ್‌ನ ರೈತರು ಟೊಮೆಟೊ ರಸ್ತೆಗೆ ಸುರಿದರು. ಅದೇ ಜುಲೈ ಕೊನೆಗೆ ಕೋಲಾರದ ಮಂಡೀಲಿ 15 ಕೆಜಿ ಬಾಕ್ಸು 2,000 ರೂಪಾಯಿ ದಾಟಿತ್ತು.

ನಿಮ್ಮ ಕುಂಡಕ್ಕೆ ಎಲೆ ಮುದುರು ರೋಗ ಬಂದ್ರೆ ಹೋಗೋದು ಒಂದು ಗಿಡ. ಊರಲ್ಲಿ ಬಂದ್ರೆ ಸಸಿ, ಡ್ರಿಪ್, ಮಲ್ಚಿಂಗ್ ಶೀಟು, ಕೋಲು, ದಾರ, ಔಷಧಿ, ಕೂಲಿ ಎಲ್ಲಾ ಸಾಲದ ಪುಸ್ತಕಕ್ಕೆ. ಬೆಳೆ ಚೆನ್ನಾಗಿ ಬಂದ್ರೂ ಗ್ಯಾರಂಟಿ ಇಲ್ಲ; ಟೊಮೆಟೊಗೆ ಕನಿಷ್ಠ ಬೆಂಬಲ ಬೆಲೆಯೇ ಇಲ್ಲ.

ಸರ್ಕಾರಕ್ಕೆ ಏನೂ ಮಾಡೋಕಾಗಲ್ಲ ಅನ್ನಬೇಡಿ. ಆ ಜುಲೈನಲ್ಲಿ ಕೇಂದ್ರವು ಎನ್‌ಸಿಸಿಎಫ್, ನಾಫೆಡ್ ಮೂಲಕ ಕರ್ನಾಟಕ, ಆಂಧ್ರ, ಮಹಾರಾಷ್ಟ್ರದ ಮಂಡಿಗಳಲ್ಲಿ ಟೊಮೆಟೊ ಕೊಂಡು ದೆಹಲಿಯಲ್ಲಿ ಕಮ್ಮಿ ದರಕ್ಕೆ ಮಾರಿಸಿತು. ತಿನ್ನೋರ ಗಲಾಟೆ ಜೋರಾದಾಗ ಲಾರಿ ಹೊರಡುತ್ತೆ ಅಂತಾಯ್ತು. ಬೆಳೆಯೋನ ರೇಟು ಬಿದ್ದಾಗಲೂ ಅಷ್ಟೇ ಅರ್ಜೆಂಟಲ್ಲಿ ಕೊಳ್ಳಲಿ ಅಂತ ಕೇಳೋದು ತಪ್ಪಾ? ಬಿದ್ದ ರೇಟಿನ ಹಣ್ಣನ್ನ ಸಾಸು, ಪ್ಯೂರಿ ಮಾಡೋ ಘಟಕಗಳು ಬೆಳೆಯೋ ತಾಲ್ಲೂಕುಗಳಲ್ಲೇ ಇರಲಿ ಅನ್ನೋದು ದುಬಾರಿ ಆಸೆನಾ?

ಕುಂಡಕ್ಕೆ ದಿನಾ ನೀರು ಹಾಕಿ, ಫೋಟೋನೂ ಹಾಕಿ. ಆದ್ರೆ ಕೆಜಿ ಐದು ರೂಪಾಯಿಗೆ ಇಳಿದ ದಿನಾನೂ ಅದೇ ಗ್ರೂಪಲ್ಲಿ ಗಲಾಟೆ ಮಾಡಿ. ನೂರು ದಾಟಿದಾಗ ಮಾಡಿದಷ್ಟೇ ಜೋರಾಗಿ.